ಬಚ್ಚಲ ನೀರಿಗೆ ಎಂಥ ಹಾಸು? ನಿರ್ಮಿತ ಜೌಗಿನ ಸೋಸು ವಸ್ತುಗಳನ್ನು ಕುರಿತು



ಮಲೆನಾಡಿನ ಸಭೆಯಲ್ಲಿ ಮಂಡ್ಯ ಸೀಮೆಯ ಊರೊಂದರ ಹೆಸರಿನಿಂದ ಮಾತು ಆರಂಭವಾಗುವುದು ಕೆಲವರಿಗೆ ಅಚ್ಚರಿ ತರಬಹುದು. ಆ ಊರು ಹೊಳಲು. ಹಳಗನ್ನಡದ ‘ಪೊೞಲ್’ ಎಂಬ ಶಬ್ದಕ್ಕೆ ಪಟ್ಟಣ ಎಂದು ಅರ್ಥ. ಇಂದು ಅದು ಮಂಡ್ಯ ತಾಲ್ಲೂಕಿನ, ಕಬ್ಬು ಮತ್ತು ಭತ್ತದ ಸೀಮೆಯ ಒಂದು ಹಳ್ಳಿ. ಕಾವೇರಿಯು ತಲಕಾವೇರಿಯಿಂದಲೂ ಹೇಮಾವತಿಯು ಚಿಕ್ಕಮಗಳೂರು ಜಿಲ್ಲೆಯ ಬಲ್ಲಾಳರಾಯನದುರ್ಗದ ಸಮೀಪದಿಂದಲೂ ಇಳಿದು ಕನ್ನಂಬಾಡಿಯ ಕೃಷ್ಣರಾಜಸಾಗರದಲ್ಲಿ ಕೂಡುತ್ತವೆ. ಅಲ್ಲಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯು ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ನೀರುಣಿಸುತ್ತದೆ. ಬೆಟ್ಟದ ಹಳ್ಳಕ್ಕೆ ಬಿಟ್ಟ ಕೊಳೆ ಬಯಲಿನವರ ಪಾಲಿಗೆ ಹೋಗುತ್ತದೆ. ಬಯಲಿನಲ್ಲಿ ಕಟ್ಟುವ ಪ್ರತಿಯೊಂದು ಕಾಮಗಾರಿಗೂ ಕಲ್ಲು ಮತ್ತು ಮರಳು ಯಾವುದೋ ಬೆಟ್ಟದಿಂದ, ಯಾವುದೋ ಹೊಳೆಯಿಂದಲೇ ಬರಬೇಕು. ಆದುದರಿಂದ ಹೊಳಲಿನಂಥ ಊರಿನ ಬಚ್ಚಲ ನೀರಿನ ಪ್ರಶ್ನೆ ಮಲೆನಾಡಿನ ಪ್ರಶ್ನೆಯೂ ಹೌದು.

2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಪ್ರತಿ ಗ್ರಾಮೀಣ ಮನೆಗೆ ನಲ್ಲಿ, ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಎಂಬ ಗುರಿ ಹಾಕಿಕೊಂಡಿತು. ಒಳಬಂದ ನೀರಿನಲ್ಲಿ ಸುಮಾರು 80 ಭಾಗ ಬಳಕೆಯ ನಂತರ ಹೊರಹೋಗುತ್ತದೆ. ಬಾವಿಯಿಂದ ಸೇದಿ ತರುತ್ತಿದ್ದ ಕಾಲದಲ್ಲಿ ಹಿತ್ತಲ ಬಾಳೆ, ಕೆಸುವಿನ ಬುಡದಲ್ಲೇ ಇಂಗಿಹೋಗುತ್ತಿದ್ದ ನೀರು ಇಂದು ಚರಂಡಿ ತುಂಬಿ ಕೆರೆಯ ದಾರಿ ಹಿಡಿದಿದೆ. 2020ರಲ್ಲಿ ಆರಂಭವಾದ ಸ್ವಚ್ಛ ಭಾರತ ಗ್ರಾಮೀಣ ಯೋಜನೆಯ ಎರಡನೆಯ ಹಂತವು ಈ ನೀರಿನ ನಿರ್ವಹಣೆಯನ್ನೂ ತನ್ನ ಕಾರ್ಯದಲ್ಲಿ ಸೇರಿಸಿಕೊಂಡಿತು. ಅದಕ್ಕೆ ಹೇಳಲಾಗುವ ಉಪಾಯಗಳಲ್ಲಿ ನಿರ್ಮಿತ ಜೌಗು ಒಂದು. ವಿದ್ಯುತ್ತು ಬೇಡದ, ಯಂತ್ರ ಬೇಡದ ಈ ಉಪಾಯ ಹಳ್ಳಿಗೆ ಹೇಳಿ ಮಾಡಿಸಿದಂತಿದೆ. ಆದರೆ ಅದರ ಖರ್ಚಿನ ಬಹುಪಾಲು ಹೋಗುವುದು ಸೋಸುವ ಹಾಸಿಗೆ. ಅದು ಕೆಟ್ಟರೆ ಇಡೀ ಜೌಗು ಕೆಟ್ಟಂತೆ. ಇಂದಿನ ಮಾತು ಆ ಹಾಸಿನ ಬಗ್ಗೆ ಮಾತ್ರ.

ಕಲ್ಲು ಸೋಸುವುದಿಲ್ಲ, ಆಶ್ರಯ ಕೊಡುತ್ತದೆ

ನಿರ್ಮಿತ ಜೌಗು ಎಂದರೆ ನೀರು ಇಂಗದಂತೆ ತಳ ಕಟ್ಟಿದ, ಸುಮಾರು ಎರಡು ಅಡಿ ಆಳದ ಗುಂಡಿ. ಅದರಲ್ಲಿ ಜಲ್ಲಿ ಅಥವಾ ಮರಳು ತುಂಬಿ, ಮೇಲೆ ಆಪು, ಕಾಬಾಳೆ, ಲಾವಂಚದಂಥ ಗಿಡಗಳನ್ನು ನೆಡುತ್ತಾರೆ. ಒಂದು ಬದಿಯಿಂದ ಒಳಬಂದ ಕೊಳೆನೀರು ಕಲ್ಲುಗಳ ನಡುವೆ ನಿಧಾನವಾಗಿ ಹರಿದು ಇನ್ನೊಂದು ಬದಿಯಲ್ಲಿ ಹೊರಬರುತ್ತದೆ. ನೀರಿನ ಮಟ್ಟ ಹಾಸಿನ ಮೇಲ್ಮೈಗಿಂತ ಒಂದೆರಡು ಅಂಗುಲ ಕೆಳಗೇ ಇರಬೇಕು. ಆಗ ಸೊಳ್ಳೆ ಮೊಟ್ಟೆಯಿಡಲು ತೆರೆದ ನೀರು ಸಿಗುವುದಿಲ್ಲ, ವಾಸನೆಯೂ ಮೇಲೇಳುವುದಿಲ್ಲ.

ಜರಡಿಯಲ್ಲಿ ಹಿಟ್ಟು ಸೋಸುವಂತೆ ಕಲ್ಲುಗಳು ಕೊಳೆಯನ್ನು ಹಿಡಿದಿಡುತ್ತವೆ ಎಂದು ಹಲವರು ತಿಳಿದಿದ್ದಾರೆ. ದಪ್ಪ ಕಣಗಳ ಮಟ್ಟಿಗೆ ಅದು ಸ್ವಲ್ಪ ನಿಜ. ಮುಖ್ಯ ಕೆಲಸ ಮಾಡುವವು ಕಲ್ಲಿನ ಮೈಮೇಲೆ ಲೋಳೆಯಂತೆ ಬೆಳೆಯುವ ಸೂಕ್ಷ್ಮಜೀವಿಗಳು. ನೀರಿನಲ್ಲಿ ಕರಗಿದ ಸಾಬೂನು, ಅನ್ನದ ಗಂಜಿ, ಬೆವರು, ಜಿಡ್ಡುಗಳನ್ನು ಅವು ಆಹಾರವಾಗಿ ತಿಂದು ಮುಗಿಸುತ್ತವೆ. ಹಾಸಿನ ವಸ್ತುವಿಗೆ ಹೀಗೆ ಎರಡು ಕರ್ತವ್ಯಗಳಿವೆ. ಜೀವಿಗಳಿಗೆ ಹೆಚ್ಚು ಮೈ ಒದಗಿಸಬೇಕು, ನೀರಿಗೆ ಸಾಕಷ್ಟು ದಾರಿಯನ್ನೂ ಬಿಡಬೇಕು. ಕಣ ಸಣ್ಣದಾದಷ್ಟೂ ಮೈ ಹೆಚ್ಚುತ್ತದೆ, ದಾರಿ ಕಿರಿದಾಗುತ್ತದೆ. ಸೋಸು ವಸ್ತುವಿನ ಆಯ್ಕೆಯ ಕಷ್ಟವೆಲ್ಲ ಈ ಎಳೆದಾಟದಲ್ಲಿದೆ.

ಈ ಪಾಠವನ್ನು ಯುರೋಪು ದುಬಾರಿ ಬೆಲೆ ಕೊಟ್ಟು ಕಲಿಯಿತು. ಜರ್ಮನಿಯ ಪ್ಲೋನ್ ಎಂಬಲ್ಲಿ ಕ್ಯಾಥೆ ಸೈಡಲ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಜಲ್ಲಿಯಲ್ಲಿ ಜೊಂಡು ನೆಟ್ಟು ಕೊಳೆನೀರನ್ನು ಶುದ್ಧಗೊಳಿಸುವ ಪ್ರಯೋಗಗಳನ್ನು ಆರಂಭಿಸಿದರು. ಬಳಿಕ ರೈನ್‌ಹೋಲ್ಡ್ ಕಿಕುತ್ ಎಂಬುವರು ಜಲ್ಲಿಯ ಬದಲು ಜೇಡಿಯಿರುವ ಮಣ್ಣನ್ನೇ ಬಳಸಿದರು. ಜೇಡಿಯಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ರಂಜಕವನ್ನು ಹಿಡಿಯುತ್ತವೆ, ಬೇರುಗಳು ಬೆಳೆದು ಮಣ್ಣಿನಲ್ಲಿ ದಾರಿ ಕೊರೆಯುತ್ತವೆ ಎಂಬುದು ಅವರ ಎಣಿಕೆ. 1974ರಲ್ಲಿ ಓತ್‌ಫ್ರೆಸನ್ ಎಂಬ ಊರಿನಲ್ಲಿ ಅಂಥ ಜೌಗು ಕೆಲಸ ಆರಂಭಿಸಿತು. ಮೊದಲನೆಯ ಎಣಿಕೆಗೆ ಆಧಾರವಿತ್ತು, ಎರಡನೆಯದು ಹುಸಿಯಾಯಿತು. ಬೇರುಗಳು ನಿರೀಕ್ಷಿಸಿದಷ್ಟು ದಾರಿ ಬಿಡಲಿಲ್ಲ. ಇಂಥ ಮಣ್ಣಿನ ಹಾಸುಗಳಲ್ಲಿ ನೀರು ಒಳಗಿಳಿಯದೆ ಮೇಲೆಯೇ ಹರಿದುಹೋಯಿತು. 1980ರ ದಶಕದ ಕೊನೆಗೆ ಇಂಗ್ಲೆಂಡಿನವರು ಮಣ್ಣನ್ನು ಕೈಬಿಟ್ಟು ತೊಳೆದ ಜಲ್ಲಿಗೆ ಮರಳಿದರು. ನಮ್ಮ ನಾಡಿನಲ್ಲಿ ಇಂದು ಜಲ್ಲಿಯ ಹಾಸೇ ಹೆಚ್ಚು ಕಾಣುವುದಕ್ಕೆ ಹಿನ್ನೆಲೆ ಇದು. 2015ರಲ್ಲಿ ದೇವನಹಳ್ಳಿಯಲ್ಲಿ ಆರಂಭವಾದ ಮಲಕೆಸರು ಸಂಸ್ಕರಣಾ ಘಟಕದಲ್ಲಿಯೂ ಕೆಸರಿನಿಂದ ಬೇರ್ಪಟ್ಟ ನೀರು ಗಿಡ ನೆಟ್ಟ ಜಲ್ಲಿಯ ಹಾಸಿನ ಮೂಲಕ ಹಾಯುವ ವ್ಯವಸ್ಥೆಯಿದೆ.

ನೂರು ಮನೆಗಳ ಲೆಕ್ಕ

ಹೊಳಲಿನಂಥ ಊರಿನ ಒಂದು ಭಾಗದಲ್ಲಿ 100 ಮನೆಗಳು, 500 ಜನರು ಇದ್ದಾರೆ ಎಂದು ಎಣಿಸೋಣ. ತಲೆಗೆ 55 ಲೀಟರ್ ಬಳಕೆಯಲ್ಲಿ 44 ಲೀಟರ್ ಹೊರಬಂದರೆ ದಿನಕ್ಕೆ 22,000 ಲೀಟರ್ ಆಗುತ್ತದೆ. ಮೊದಲು ಅದು ತಿಳಿಗುಂಡಿಯಲ್ಲಿ ನಿಂತು ಕೆಸರು ಮತ್ತು ಜಿಡ್ಡನ್ನು ಕಳೆದುಕೊಳ್ಳಬೇಕು. ಆಮೇಲೆ ಅದರ ಬಿಓಡಿ, ಅಂದರೆ ಕೊಳೆಯನ್ನು ಜೀರ್ಣಿಸಲು ಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ, ಲೀಟರಿಗೆ 120 ಮಿಲಿಗ್ರಾಂ ಇದೆಯೆಂದೂ ಅದನ್ನು 20ಕ್ಕೆ ಇಳಿಸಬೇಕೆಂದೂ ಇಟ್ಟುಕೊಳ್ಳೋಣ. ವಿನ್ಯಾಸಕಾರರು ಬಳಸುವ ಸಾಮಾನ್ಯ ಸೂತ್ರದಂತೆ ಸುಮಾರು 263 ಚದರ ಮೀಟರ್ ಹಾಸು ಬೇಕಾಗುತ್ತದೆ. ರೈತರ ಅಳತೆಯಲ್ಲಿ ಎರಡೂವರೆ ಗುಂಟೆಗೆ ಸ್ವಲ್ಪ ಹೆಚ್ಚು. ಆಳ 60 ಸೆಂಟಿಮೀಟರ್ ಎಂದರೆ ತುಂಬಬೇಕಾದ ವಸ್ತು ಸುಮಾರು 158 ಘನ ಮೀಟರ್. 100 ಘನ ಅಡಿ ಹಿಡಿಯುವ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಇದು 56 ಲೋಡು.

ಇಷ್ಟಾದರೆ ಸಾಲದು. ಗುಂಡಿಯ ಆಕಾರವನ್ನೂ ನೋಡಬೇಕು. 1856ರಲ್ಲಿ ಫ್ರಾನ್ಸಿನ ಹೆನ್ರಿ ಡಾರ್ಸಿ ಎಂಬ ಎಂಜಿನಿಯರು ಡಿಜೋನ್ ನಗರದ ನೀರು ಸರಬರಾಜಿಗೆಂದು ಮರಳಿನಲ್ಲಿ ನೀರು ಹಾಯುವ ನಿಯಮವನ್ನು ಕಂಡುಕೊಂಡು ಪ್ರಕಟಿಸಿದರು. ಹಾಯುವ ನೀರು ಮೂರು ಸಂಗತಿಗಳನ್ನು ಅವಲಂಬಿಸುತ್ತದೆ: ವಸ್ತುವಿನ ಹಾಯಗೊಡುವ ಗುಣ, ಇಳಿಜಾರು, ನೀರು ನುಗ್ಗುವ ಮುಖದ ವಿಸ್ತಾರ. ಹೊಸ ಜಲ್ಲಿ ನೀರನ್ನು ಧಾರಾಳವಾಗಿ ಬಿಡುತ್ತದೆ. ಲೋಳೆ ಮತ್ತು ಬೇರು ಕಟ್ಟಿದ ಹಳೆಯ ಹಾಸು ಬಿಡುವುದಿಲ್ಲ. ಹಳೆಯದಾದ ಮೇಲೆ ಉಳಿಯುವ ಗುಣವನ್ನೇ ಲೆಕ್ಕಕ್ಕೆ ಹಿಡಿದರೆ, ನೂರಕ್ಕೆ ಒಂದರ ಇಳಿಜಾರಿನಲ್ಲಿ ಮುಖದ ಒಂದು ಚದರ ಮೀಟರ್ ದಿನಕ್ಕೆ ಸುಮಾರು 860 ಲೀಟರ್ ಬಿಟ್ಟೀತು. 22,000 ಲೀಟರಿಗೆ ಇಪ್ಪತ್ತೈದೂವರೆ ಚದರ ಮೀಟರ್ ಮುಖ ಬೇಕು. 60 ಸೆಂಟಿಮೀಟರ್ ಆಳಕ್ಕೆ ಅದು 42 ಮೀಟರ್ ಅಗಲ. ನೀರು ಸಾಗುವ ಉದ್ದ ಮಾತ್ರ ಆರು ಮೀಟರಿಗೆ ಸ್ವಲ್ಪ ಹೆಚ್ಚು.

ಜೌಗನ್ನು ಚರಂಡಿಯ ಮುಂದುವರಿಕೆ ಎಂದು ಭಾವಿಸಿ ಉದ್ದಕ್ಕೆ, ಕಿರಿದಾಗಿ ಕಟ್ಟುವುದು ಸುಲಭವೆಂದು ತೋರುತ್ತದೆ. ಆದರೆ ಡಾರ್ಸಿಯ ನಿಯಮ ಇದಕ್ಕೆ ತದ್ವಿರುದ್ಧವಾದುದನ್ನು ಹೇಳುತ್ತದೆ. ಅಗಲವಾಗಿರಲಿ, ಗಿಡ್ಡವಾಗಿರಲಿ. 14 ಮೀಟರ್ ಅಗಲದ ಮೂರು ಹಾಸುಗಳನ್ನು ಪಕ್ಕಪಕ್ಕದಲ್ಲಿ ಕಟ್ಟಿದರೆ ಇನ್ನೂ ಒಳ್ಳೆಯದು. ಬೇಸಿಗೆಯಲ್ಲಿ ಸರದಿಯಂತೆ ಒಂದೊಂದನ್ನು ಒಂದೆರಡು ವಾರ ಒಣಗಲು ಬಿಡಬಹುದು. ಆಗ ಒಳಗೆ ಕಟ್ಟಿಕೊಂಡ ಲೋಳೆ ಗಾಳಿಯಾಡಿ ಕೊಳೆತು ಕರಗುತ್ತದೆ, ನೀರಿನ ದಾರಿ ಮತ್ತೆ ತೆರೆಯುತ್ತದೆ.

ಐವತ್ತಾರು ಲೋಡು ಎಲ್ಲಿಂದ?

ಮುಖ್ಯ ಪ್ರಶ್ನೆ ಇಲ್ಲಿದೆ. ಒಂದು ಊರಿನ ಒಂದು ಭಾಗಕ್ಕೆ 56 ಲೋಡು. ಜಿಲ್ಲೆಯ ಎಲ್ಲ ಊರುಗಳೂ ಹೀಗೆ ಮಾಡಿದರೆ ಎಷ್ಟು ಬೆಟ್ಟ ಕರಗಬೇಕು? ಮಂಡ್ಯ ಸೀಮೆಯಲ್ಲಿ ಜಲ್ಲಿಯ ಪ್ರಶ್ನೆ ಎಷ್ಟು ಸೂಕ್ಷ್ಮವೆಂಬುದಕ್ಕೆ ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟವೇ ಸಾಕ್ಷಿ. ಅಲ್ಲಿನ ಕಲ್ಲುಗಣಿಗಳ ಸ್ಫೋಟದಿಂದ ಕನ್ನಂಬಾಡಿ ಅಣೆಕಟ್ಟಿಗೆ ಅಪಾಯವಿದೆಯೆಂಬ ಆತಂಕ ವರ್ಷಗಟ್ಟಲೆ ಚರ್ಚೆಯಾಯಿತು. 2024ರ ಜನವರಿಯಲ್ಲಿ ರಾಜ್ಯದ ಹೈಕೋರ್ಟು ಅಣೆಕಟ್ಟಿನ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ತಡೆ ನೀಡಿತು. ಮರಳಿನ ಕಥೆಯೂ ಬೇರೆಯಲ್ಲ. ಹೊಳೆಯ ಮರಳು ಸಿಗದಾದಾಗ ಕೆರೆಯಂಗಳದ, ಹೊಲದ ಮಣ್ಣನ್ನು ತೊಳೆದು ಮರಳು ತೆಗೆಯುವ ದಂಧೆ ಹಲವು ಜಿಲ್ಲೆಗಳಲ್ಲಿ ಹಬ್ಬಿತು. ಅದಕ್ಕೆ ಜನ ಇಟ್ಟ ಹೆಸರು ‘ಫಿಲ್ಟರ್ ಮರಳು’. ಕೆರೆಯ ನೀರನ್ನು ಉಳಿಸಲೆಂದು ಕಟ್ಟುವ ಹಾಸಿಗೆ ಇನ್ನೊಂದು ಕೆರೆಯ ಒಡಲನ್ನು ಬಗೆದ ಮರಳು ಬಂದು ಬಿದ್ದರೆ ಸಾಧಿಸಿದ್ದೇನು?

ಆದುದರಿಂದ ಬೆಟ್ಟ ಮತ್ತು ಹೊಳೆಯ ಕಡೆ ಕೈಚಾಚುವ ಮೊದಲು ಊರಿನ ತಿಪ್ಪೆಯ ಕಡೆ ನೋಡಬೇಕು. ಅಲ್ಲಿ ಸಿಗುವ ವಸ್ತುಗಳಿಗೆ ಒಂದೊಂದಾಗಿ ಬೆಲೆ ಕಟ್ಟೋಣ.

ಇಟ್ಟಿಗೆ ಮತ್ತು ಹೆಂಚಿನ ಚೂರು ಮೊದಲನೆಯದು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡುಗಳ ಮನೆಗಳಿಗೆ ಹೆಂಚು ಬಂತು. ಇಂದು ತಾರಸಿ ಮತ್ತು ತಗಡಿಗಾಗಿ ಅದೇ ಹೆಂಚು ಇಳಿದು ಹಿತ್ತಲಿನಲ್ಲಿ ರಾಶಿ ಬಿದ್ದಿದೆ. ಬಯಲುಸೀಮೆಯಲ್ಲಿ ಒಡೆದ ಮನೆಗಳ ಇಟ್ಟಿಗೆಯಿದೆ. ಚೆನ್ನಾಗಿ ಬೆಂದ ಚೂರಿನ ಮೈ ಒರಟಾಗಿರುವುದರಿಂದ, ಒಳಗೆ ಸಣ್ಣ ರಂಧ್ರಗಳಿರುವುದರಿಂದ ಸೂಕ್ಷ್ಮಜೀವಿಗಳಿಗೆ ನುಣುಪು ಕಲ್ಲಿಗಿಂತ ಒಳ್ಳೆಯ ನೆಲೆ. ಅದರ ಜೇಡಿಯ ಕಬ್ಬಿಣಾಂಶ ಸ್ವಲ್ಪ ರಂಜಕವನ್ನೂ ಹಿಡಿಯುತ್ತದೆ. ಅರೆಬೆಂದ ಇಟ್ಟಿಗೆ ಮಾತ್ರ ಬೇಡ. ನೀರಿನಲ್ಲಿ ಅದು ಮತ್ತೆ ಕೆಸರಾಗಿ ಹಾಸನ್ನೇ ಕಟ್ಟಿಬಿಡುತ್ತದೆ.

ಜಂಬಿಟ್ಟಿಗೆ ಕಲ್ಲು ಎರಡನೆಯದು. 1800ರಲ್ಲಿ ಮೈಸೂರು ಸೀಮೆಯನ್ನು ಹಾದು ಮಲಬಾರಿಗೆ ಹೋದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡರು. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಇದಕ್ಕೆ 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸಗ್ರಂಥದಲ್ಲಿ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟರು. ಲ್ಯಾಟಿನ್ನಿನ ಆ ಶಬ್ದಮೂಲಕ್ಕೂ ಇಟ್ಟಿಗೆ ಎಂದೇ ಅರ್ಥ. ಕಬ್ಬಿಣ ಮತ್ತು ಅಲ್ಯೂಮಿನಿಯಂ ತುಂಬಿದ ಈ ಕಲ್ಲು ರಂಜಕವನ್ನು ಬಿಗಿಯಾಗಿ ಹಿಡಿಯುತ್ತದೆ. ಇದನ್ನು ಜೌಗಿನ ಹಾಸಾಗಿ ಬಳಸಿ ರಂಜಕವನ್ನೂ ಭಾರಲೋಹಗಳನ್ನೂ ತಡೆಯಬಹುದೆಂದು 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮಂಡ್ಯದ ಗಟ್ಟಿ ಕಲ್ಲಿಗೆ ಈ ಗುಣ ಬಹಳ ಕಡಿಮೆ. ಹಾಗೆಂದು ಹೊಸ ಗಣಿ ತೆಗೆಯುವುದು ಬೇಡ. ಈಗಾಗಲೇ ನಡೆಯುತ್ತಿರುವ ಕಡೆ ಕಲ್ಲು ಕೊಯ್ಯುವಾಗ ಉಳಿಯುವ ಚೂರು, ಮುರಿದ ಗೋಡೆಯ ಕಲ್ಲು ಇವೇ ಸಾಕು. ಪುಡಿಯನ್ನು ಜಾಲಿಸಿ ತೆಗೆದು ಗಟ್ಟಿ ತುಂಡುಗಳನ್ನಷ್ಟೇ ಹಾಕಬೇಕು.

ತೆಂಗಿನ ಸಿಪ್ಪೆ, ಕಬ್ಬಿನ ಸಿಪ್ಪೆ, ಭತ್ತದ ಹೊಟ್ಟು ಮಂಡ್ಯದಲ್ಲಿ ಯಥೇಚ್ಛ. ಆದರೆ ಇವು ತಾವೇ ಕೊಳೆಯುವ ವಸ್ತುಗಳು. ಹಾಸಿನಲ್ಲಿ ಹೂತರೆ ಮೊದಲು ನೀರಿಗೆ ಕಂದು ಬಣ್ಣವನ್ನೂ ಹೊಸ ಬಿಓಡಿಯನ್ನೂ ಸೇರಿಸುತ್ತವೆ, ಕೆಲವು ವರ್ಷಗಳಲ್ಲಿ ಕುಸಿಯುತ್ತವೆ. ತೆಂಗಿನ ಸಿಪ್ಪೆಯನ್ನು ಬಲೆಯ ಚೀಲದಲ್ಲಿ ತುಂಬಿ ನೀರು ಒಳಬರುವ ಬಾಯಲ್ಲಿ ಇಟ್ಟರೆ ಕಸ ಮತ್ತು ಜಿಡ್ಡನ್ನು ಹಿಡಿಯುತ್ತದೆ. ಕೆಲವು ತಿಂಗಳಿಗೊಮ್ಮೆ ತೆಗೆದು ಗೊಬ್ಬರದ ಗುಂಡಿಗೆ ಹಾಕಬಹುದು. ಹೊಟ್ಟಿನ ಬೂದಿ ಅತಿ ನುಣ್ಣಗಿರುವುದರಿಂದ ಬೇಡ. ಪ್ಲಾಸ್ಟಿಕ್ ಬಾಟಲಿಯ ತುಂಡುಗಳನ್ನು ಬಳಸಿದ ಪ್ರಯೋಗಗಳಿವೆ. ಆದರೆ ಅವು ನೀರಿಗೆ ತಾವೇ ಸಣ್ಣ ಕಣಗಳಾಗಿ ಸೇರುವ ಭಯವಿರುವಾಗ ಹೊಳೆಗೆ ಹೋಗುವ ನೀರಿಗೆ ಅದು ಸಲ್ಲದು.

ಜಲ್ಲಿ ಪೂರ್ತಿ ಬೇಡವೆಂದಲ್ಲ. ನೀರು ಒಳಬರುವ ಮತ್ತು ಹೊರಹೋಗುವ ಬದಿಗಳಲ್ಲಿ 40ರಿಂದ 80 ಮಿಲಿಮೀಟರಿನ ದಪ್ಪ ಕಲ್ಲು ಇರಲೇಬೇಕು. ನಡುವಿನ 10ರಿಂದ 20 ಮಿಲಿಮೀಟರಿನ ಭಾಗವನ್ನು ಇಟ್ಟಿಗೆ, ಹೆಂಚಿನ ಚೂರಿನಿಂದ ತುಂಬಿದರೆ 56 ಲೋಡಿನಲ್ಲಿ ಬಹುಪಾಲು ಬೆಟ್ಟಕ್ಕೆ ಉಳಿಯುತ್ತದೆ.

ನೀರು ಎಲ್ಲಿಗೆ ಹೋಗುತ್ತದೆ?

ರಂಜಕವನ್ನು ಹಿಡಿಯುವುದು ಯಾವಾಗಲೂ ಒಳ್ಳೆಯದೇ? ಕೃಷಿಕನ ಉತ್ತರ ಇಲ್ಲ ಎಂಬುದು. ಶುದ್ಧಗೊಂಡ ನೀರು ಗದ್ದೆಗೋ ಕಬ್ಬಿನ ತೋಟಕ್ಕೋ ಹೋಗುವುದಾದರೆ ಅದರಲ್ಲಿರುವ ರಂಜಕ, ಸಾರಜನಕಗಳು ಹಣ ಕೊಡದೆ ಬಂದ ಗೊಬ್ಬರ. ಅಲ್ಲಿ ಸಾದಾ ಜಲ್ಲಿ, ಸಾದಾ ಹೆಂಚಿನ ಚೂರು ಸಾಕು. ಅದೇ ನೀರು ಕೆರೆಗೆ ಹೋಗುವುದಾದರೆ ರಂಜಕವೇ ಪಾಚಿಗೂ ಅಂತರಗಂಗೆಗೂ ಆಹಾರ. ಅಲ್ಲಿ ಜಂಬಿಟ್ಟಿಗೆಯ ಹಾಸು ಬೇಕು. ಬೆಂಗಳೂರಿನ ಜಕ್ಕೂರು ಕೆರೆಗೆ ಸಂಸ್ಕರಣಾ ಘಟಕದಿಂದ ಬಂದ ನೀರನ್ನು ಜೌಗಿನ ಮೂಲಕ ಹಾಯಿಸಿಯೇ ಬಿಡುವುದು ಈ ಕಾರಣದಿಂದ. ಹಾಸನ್ನು ಆರಿಸುವ ಮೊದಲು ಹೊರಗಾಲುವೆಯ ಕೊನೆಯವರೆಗೆ ಒಮ್ಮೆ ನಡೆದು ನೋಡಬೇಕು.

ರಂಜಕ ಹಿಡಿಯುವ ವಸ್ತುವಿಗೂ ಒಂದು ಮಿತಿಯಿದೆ. ನ್ಯೂಜಿಲೆಂಡಿನ ವಾಯುಕು ಎಂಬ ಊರಿನಲ್ಲಿ ಉಕ್ಕಿನ ಕಾರ್ಖಾನೆಯ ಕಿಟ್ಟವನ್ನು ಹಾಸಾಗಿ ಬಳಸಿದರು. ಮೊದಲ ಐದು ವರ್ಷ ಅದು ರಂಜಕದ ಮುಕ್ಕಾಲು ಭಾಗವನ್ನು ತಡೆಯಿತು, ಆಮೇಲೆ ಇಳಿಮುಖವಾಯಿತು. ಕಣಜ ತುಂಬಿದ ಮೇಲೆ ಧಾನ್ಯ ಹೊರಗೆ ಚೆಲ್ಲುವಂತೆಯೇ ಇದು. ಜಂಬಿಟ್ಟಿಗೆಯೂ ಇದಕ್ಕೆ ಹೊರತಲ್ಲ. ಆದುದರಿಂದ ಅದನ್ನು ಇಡೀ ಹಾಸಿಗೆ ಹರಡದೆ ಕೊನೆಯಲ್ಲಿ ಪ್ರತ್ಯೇಕ ಗುಂಡಿಯಲ್ಲಿ ಇಡಬೇಕು. ಆಗ ಅದೊಂದನ್ನೇ ಬದಲಿಸಬಹುದು.

ಮಲೆನಾಡಿಗೆ ಕೆಲವು ಎಚ್ಚರಿಕೆಗಳು

ಬೆಟ್ಟದ ಇಳಿಜಾರು ಒಂದು ವರ. ಪಂಪಿಲ್ಲದೆ ತಿಳಿಗುಂಡಿಯಿಂದ ಹಾಸಿಗೆ, ಹಾಸಿನಿಂದ ತೋಟಕ್ಕೆ ನೀರು ಇಳಿಯುತ್ತದೆ. ಆದರೆ ಮಳೆ ಬೇರೆಯೇ ಲೆಕ್ಕ. ಒಂದೇ ದಿನ 200 ಮಿಲಿಮೀಟರ್ ಮಳೆ ಸುರಿದರೆ 263 ಚದರ ಮೀಟರಿನ ಹಾಸಿನ ಮೇಲೆ 52,000 ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಊರಿನ ಎರಡು ದಿನದ ಬಚ್ಚಲ ನೀರಿಗಿಂತ ಇದು ಹೆಚ್ಚು. ಅದಕ್ಕಿಂತ ಕೇಡು ಮೇಲಿನ ಗುಡ್ಡದಿಂದ ಹರಿದುಬರುವ ಕೆಂಪು ಮಣ್ಣು. ಒಂದೇ ಮಳೆಗಾಲ ಹಾಸನ್ನು ಮುಚ್ಚಿಬಿಡಬಲ್ಲದು. ಸುತ್ತ ಏರಿ, ಮೇಲ್ಭಾಗದಲ್ಲಿ ಅಗಳು ತೆಗೆಯದೆ ಮಲೆನಾಡಿನಲ್ಲಿ ಜೌಗು ಕಟ್ಟಬಾರದು.

ಕಾಫಿ ಹಣ್ಣಿನ ಪಲ್ಪಿಂಗ್ ನೀರನ್ನು ನೇರವಾಗಿ ಈ ಹಾಸಿಗೆ ಬಿಡಲೂಬಾರದು. ಅದರ ಬಿಓಡಿ ಲೀಟರಿಗೆ ಸಾವಿರಾರು ಮಿಲಿಗ್ರಾಂ, ಮೇಲಾಗಿ ಹುಳಿ. ಸುಣ್ಣ ಹಾಕಿ ಹುಳಿ ಮುರಿದು, ಗಾಳಿಯಾಡದ ತೊಟ್ಟಿಗಳಲ್ಲಿ ಕೊಳೆಯಿಸಿದ ನಂತರ ಕೊನೆಯ ಹಂತಕ್ಕೆ ಮಾತ್ರ ಜೌಗು ಒದಗಬಲ್ಲದು.

ವಿದ್ಯಾರ್ಥಿಗಳು ಮಾಡಬಹುದಾದ ಪರೀಕ್ಷೆಗಳು

ಹಾಸಿಗೆಂದು ತಂದ ವಸ್ತುವನ್ನು ಒಪ್ಪುವ ಮೊದಲು ಊರಿನ ಶಾಲೆಯ ಮಕ್ಕಳೇ ನಾಲ್ಕು ಪರೀಕ್ಷೆಗಳನ್ನು ನಡೆಸಬಹುದು.

ಮೊದಲನೆಯದು, ಗಾಜಿನ ಜಾಡಿಯಲ್ಲಿ ಅರ್ಧದಷ್ಟು ಚೂರು ಹಾಕಿ, ನೀರು ತುಂಬಿ ಕುಲುಕಿ ಒಂದು ಗಂಟೆ ಬಿಡಿ. ಚೂರಿನ ಮೇಲೆ ಕೆಸರಿನ ಪದರ ನಿಂತರೆ ಆ ಲೋಡನ್ನು ಮತ್ತೆ ತೊಳೆಯಬೇಕು. ಕ್ರಷರಿನಿಂದ ನೇರವಾಗಿ ಬಂದ ಜಲ್ಲಿ ಈ ಪರೀಕ್ಷೆಯಲ್ಲಿ ಸೋಲುವುದೇ ಹೆಚ್ಚು.

ಎರಡನೆಯದು, ಹತ್ತು ಲೀಟರಿನ ಬಕೆಟ್ಟಿನ ತುಂಬ ಚೂರು ತುಂಬಿ, ಅಳೆದ ನೀರನ್ನು ಅಂಚಿನವರೆಗೆ ಸುರಿಯಿರಿ. ಸುಮಾರು ನಾಲ್ಕು ಲೀಟರ್ ಹಿಡಿದರೆ ಸಂದು ಸಾಕಷ್ಟಿದೆ. ಮೂರಕ್ಕಿಂತ ಕಡಿಮೆಯಾದರೆ ಸಣ್ಣ ಪುಡಿ ಸೇರಿದೆ ಎಂದರ್ಥ.

ಮೂರನೆಯದು, ಇಟ್ಟಿಗೆಯ ಚೂರನ್ನು ಒಂದು ದಿನ ನೆನೆಯಿಟ್ಟು ಬೆರಳಿನಿಂದ ಉಜ್ಜಿ. ಕರಗಿದರೆ ಬೇಡ.

ನಾಲ್ಕನೆಯದು, ಚೂರಿನ ಮೇಲೆ ನಿಂಬೆರಸ ಹಿಂಡಿ. ನೊರೆಯೆದ್ದರೆ ಗಾರೆಯ ಸುಣ್ಣ ಅಂಟಿದೆ. ಬಚ್ಚಲ ನೀರಿಗೆ ಅದು ತೊಂದರೆಯಲ್ಲ, ಹುಳಿ ನೀರಿಗೆ ಮಾತ್ರ ಬೇಡ, ಕರಗಿಹೋಗುತ್ತದೆ.

ಬಕೆಟ್ಟಿನ ಪರೀಕ್ಷೆಯಿಂದ ಇನ್ನೊಂದು ಲೆಕ್ಕವೂ ಸಿಗುತ್ತದೆ. 158 ಘನ ಮೀಟರಿನ ಹಾಸಿನಲ್ಲಿ ಸಂದು 40 ಭಾಗವಾದರೆ ಅದು ಹಿಡಿಯುವ ನೀರು 63,000 ಲೀಟರ್. ದಿನಕ್ಕೆ 22,000 ಲೀಟರ್ ಬಂದರೆ ಒಂದೊಂದು ಹನಿಯೂ ಒಳಗೆ ಮೂರು ದಿನಗಳಿಗೆ ಸ್ವಲ್ಪ ಕಡಿಮೆ ತಂಗುತ್ತದೆ. ಜೀವಿಗಳಿಗೆ ಸಿಗುವ ಕಾಲ ಅಷ್ಟೇ. ಪುಡಿ ತುಂಬಿ ಸಂದು ಅರ್ಧವಾದರೆ ಕಾಲವೂ ಅರ್ಧವಾಗುತ್ತದೆ.

ಗ್ರಾಮಸಭೆಯ ಮುಂದೆ ಜೌಗಿನ ಪ್ರಸ್ತಾವ ಬಂದಾಗ ಹಣದ ಮೊತ್ತವನ್ನು ಕೇಳುವವರು ಬಹಳ ಮಂದಿ. ಅದರ ಜೊತೆಗೆ ಮೂರು ಪ್ರಶ್ನೆಗಳನ್ನು ಯಾರಾದರೂ ಎದ್ದುನಿಂತು ಕೇಳಬೇಕು. ಈ ಕಲ್ಲು ಯಾವ ಬೆಟ್ಟದ್ದು, ಈ ಮರಳು ಯಾವ ಹೊಳೆಯದ್ದು? ಹತ್ತು ವರ್ಷಗಳ ನಂತರವೂ ಇದರಲ್ಲಿ ನೀರು ಹಾಯುತ್ತದೆಯೇ, ಕಟ್ಟಿಕೊಂಡರೆ ತೊಳೆಯುವವರು ಯಾರು? ಹೊರಬಂದ ನೀರು ಗದ್ದೆಗೋ, ಕೆರೆಗೋ? ಈ ಮೂರಕ್ಕೂ ಉತ್ತರ ದೊರೆತ ಮೇಲೆ ಗುದ್ದಲಿ ಎತ್ತಿದರೆ, ಹೊಳಲಿನ ಬಯಲಿನಲ್ಲಾಗಲಿ ಬೆಟ್ಟದ ತಪ್ಪಲಿನಲ್ಲಾಗಲಿ, ಒಂದು ಊರಿನ ಚರಂಡಿಯನ್ನು ತೊಳೆಯಲು ಇನ್ನೊಂದು ಊರಿನ ಬೆಟ್ಟವನ್ನು ಕಳೆದುಕೊಳ್ಳಬೇಕಾಗುವುದಿಲ್ಲ.